ಹೆಡ್‌ಫೋನಿನೊಳಗಣ ವಿರಹ

1993ನೆಯ ಇಸವಿಯಲ್ಲಿ ಅಮೆರಿಕದ ಪಶ್ಚಿಮ ತೀರದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ‘ಸೈಬಾರ್ಗ್ಯಾಸಂ’ ಎಂಬ ಹೆಸರನ್ನು ಹೊತ್ತ ಒಂದು ಸಿ.ಡಿ. ಹೊರಬಂದಿತು. ಅದು ಹಾಡುಗಳ ಸಂಕಲನವಾಗಿರಲಿಲ್ಲ. ಪ್ರಣಯದ, ಮುಚ್ಚುಮರೆಯಿಲ್ಲದೆ ಹೇಳುವುದಾದರೆ ಕಾಮದ, ಸನ್ನಿವೇಶಗಳನ್ನು ಮಾತು, ಉಸಿರು, ಸಪ್ಪಳ ಇಷ್ಟರಿಂದಲೇ ಕಟ್ಟಿಕೊಡಲು ಹೊರಟ ಶ್ರವ್ಯಪ್ರಯೋಗವಾಗಿದ್ದಿತು. ಲೀಸಾ ಪಲಾಕ್ ಎಂಬ ತರುಣ ಸಂಪಾದಕಿಯೂ ರಾನ್ ಗೊಂಪರ್ಟ್ಸ್ ಎಂಬ ನಿರ್ಮಾಪಕನೂ ಕೂಡಿ ಸಿದ್ಧಪಡಿಸಿದ ಆ ಸಿ.ಡಿ.ಯೊಡನೆ ರಟ್ಟಿನಿಂದ ಮಾಡಿದ ಒಂದು ಜೊತೆ ಕನ್ನಡಕವೂ ಇರುತ್ತಿದ್ದಿತು. ಅದನ್ನು ಧರಿಸಿದವನಿಗೆ ಏನೂ ಕಾಣದು, ಕಾಣದಿರಲೆಂಬುದೇ ಅದರ ಉದ್ದೇಶ. ದೀಪವನ್ನಾರಿಸಿ, ಕಣ್ಣನ್ನು ಮುಚ್ಚಿಕೊಂಡು, ಹೆಡ್‌ಫೋನನ್ನು ಕಿವಿಗೆ ಹೊಂದಿಸಿಕೊಂಡು ಕುಳಿತ ಶ್ರೋತೃವಿಗೆ, ತನ್ನ ಹೆಗಲ ಹಿಂದೆ ಯಾರೋ ಬಂದು ನಿಂತು ಮಾತನಾಡಿದಂತೆ ಭಾಸವಾಗಬೇಕು: ಇದು ಆ ಪ್ರಯೋಗದ ಸಂಕಲ್ಪ.

ಮೂವತ್ತು ವರ್ಷಗಳು ಸರಿದ ಮೇಲೆ ಇಂದು ಆ ದಶಕದ ಕುರಿತು, ಅದರ ಕ್ಯಾಸೆಟ್ಟುಗಳ, ಕೈಬರಹದ ಕಿರುಪತ್ರಿಕೆಗಳ, ಮುಖ್ಯಪ್ರವಾಹದಿಂದ ದೂರ ನಿಂತ ಆ ಸಣ್ಣ ಸಣ್ಣ ಮೇಳಗಳ ಕುರಿತು ಹಂಬಲಿಸಿ ಮಾತನಾಡುವವರು ಬಹಳ ಮಂದಿ ಇದ್ದಾರೆ. ಅವರ ಸ್ಮರಣೆಯಲ್ಲಿ ಇಂತಹ ಧ್ವನಿಮುದ್ರಿಕೆಗಳಿಗೂ ಒಂದು ಮೂಲೆ ಮೀಸಲು. ಭಾನುವಾರದ ಪುರವಣಿಯಲ್ಲಿ ಚರ್ಚಿಸತಕ್ಕ ವಿಷಯವೇ ಇದು ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಆದರೆ ಶೃಂಗಾರವೊಂದೇ ರಸವೆಂದು ಸಾರಿದ ಭೋಜರಾಜನ ಪರಂಪರೆಯಲ್ಲಿ ಬಂದ ನಮಗೆ, ಕಾಮವನ್ನು ಕುರಿತು ಗಂಭೀರವಾಗಿ ಆಲೋಚಿಸುವುದು ಹೊಸದೂ ಅಲ್ಲ, ಹೀನವೂ ಅಲ್ಲ. ಆ ಪರಂಪರೆಯೇ ನಮಗೆ ಒಂದು ವಿವೇಕವನ್ನು ಕಲಿಸಿದೆ: ಶೃಂಗಾರಕ್ಕೆ ಸಂಭೋಗವೆಂದೂ ವಿಪ್ರಲಂಭವೆಂದೂ ಎರಡು ಮುಖಗಳುಂಟು, ಕೂಡಿರುವಿಕೆ ಒಂದು, ಅಗಲಿರುವಿಕೆ ಇನ್ನೊಂದು. ತೊಂಬತ್ತರ ದಶಕದ ಆ ಧ್ವನಿಮುದ್ರಿಕೆಗಳು ತಮ್ಮನ್ನು ತಾವು ಸಂಭೋಗಶೃಂಗಾರವೆಂದು ಸಾರಿಕೊಂಡವು. ಅವುಗಳ ಹುಟ್ಟನ್ನೂ ಕಾಲವನ್ನೂ ಅರಿತು ಕೇಳಿದಷ್ಟೂ ಅವು ವಿಪ್ರಲಂಭವೆಂದೇ, ಸ್ಪರ್ಶವನ್ನು ಕಳೆದುಕೊಂಡವರ ವಿರಹವೆಂದೇ ನನಗೆ ದೃಢವಾಗುತ್ತ ಬಂದಿದೆ. ಈಗಿನ ಹಂಬಲಿಕೆಯಲ್ಲಿ ಈ ಅಂಶವೇ ಮರೆತುಹೋಗಿರುವುದು.

ಮೊದಲು ಆ ಧ್ವನಿಮುದ್ರಣವಿದ್ಯೆಯ ಪೂರ್ವೇತಿಹಾಸವನ್ನು ಕೊಂಚ ನೋಡಬೇಕು. ಎರಡು ಕಿವಿಗಳಿಗೆ ಎರಡು ಪ್ರತ್ಯೇಕ ಶಬ್ದಗಳನ್ನು ತಲಪಿಸಿ, ಕೇಳುವವನಲ್ಲಿ ಸ್ಥಳದ ಭಾವನೆಯನ್ನು ಹುಟ್ಟಿಸುವ ಆಸೆ ಟೆಲಿಫೋನಿನಷ್ಟೇ ಹಳೆಯದು. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನಕ್ಕೆ ಬಂದವರು ಕ್ಲೆಮಾಂ ಆದೇರ್ ಎಂಬ ಯಂತ್ರಶಿಲ್ಪಿ ಏರ್ಪಡಿಸಿದ್ದ ಎರಡು ಗ್ರಾಹಕಗಳನ್ನು ಎರಡು ಕಿವಿಗಳಿಗೆ ಒತ್ತಿಕೊಂಡು, ದೂರದ ಒಪೆರಾ ರಂಗಮಂದಿರದಲ್ಲಿ ಗಾಯಕರು ವೇದಿಕೆಯ ಮೇಲೆ ಎಡದಿಂದ ಬಲಕ್ಕೆ ಸರಿದುದನ್ನು ಕಿವಿಯಿಂದಲೇ ಗುರುತಿಸಿ ಬೆರಗಾದರು. 1907ರಲ್ಲಿ ಭೌತವಿಜ್ಞಾನಿ ಲಾರ್ಡ್ ರೇಲೀ ಇದರ ಕಾರಣವನ್ನು ವಿವರಿಸಿದ. ನಮ್ಮ ಬಲಕ್ಕೆ ಹುಟ್ಟಿದ ಶಬ್ದವು ಬಲಗಿವಿಯನ್ನು ಮುಟ್ಟಿ, ತಲೆಯನ್ನು ಸುತ್ತಿ ಬಂದು ಎಡಗಿವಿಯನ್ನು ಸೇರುವ ಹೊತ್ತಿಗೆ ಒಂದು ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಆರೋ ಏಳೋ ಭಾಗದಷ್ಟು ಕಾಲ ಕಳೆದಿರುತ್ತದೆ. ಈ ಅತ್ಯಲ್ಪ ವಿಳಂಬದಿಂದ ತಗ್ಗಿನ ಸ್ವರಗಳ ದಿಕ್ಕನ್ನೂ, ತಲೆಯ ನೆರಳು ಬಿದ್ದು ಒಂದು ಕಿವಿಗೆ ಸದ್ದು ಕುಗ್ಗುವುದರಿಂದ ಏರುಸ್ವರಗಳ ದಿಕ್ಕನ್ನೂ ಮಿದುಳು ಲೆಕ್ಕ ಹಾಕುತ್ತದೆ. ಇದರೊಡನೆ ಹೊರಗಿವಿಯ ಮಡಿಕೆಗಳು ಪ್ರತಿಯೊಂದು ದಿಕ್ಕಿನಿಂದ ಬರುವ ಶಬ್ದಕ್ಕೂ ತಮ್ಮದೇ ಆದ ಬಣ್ಣವನ್ನು ಬಳಿದು ಒಳಕ್ಕೆ ಕಳಿಸುತ್ತವೆ. ಹಾಗಿದ್ದ ಮೇಲೆ, ಮನುಷ್ಯನ ತಲೆಯಂತಹುದೇ ಒಂದು ಬೊಂಬೆಯ ತಲೆಯನ್ನು ಮಾಡಿ, ಅದರ ಕಿವಿಗಳೊಳಗೆ ಎರಡು ಮೈಕುಗಳನ್ನು ಹುದುಗಿಸಿ ಧ್ವನಿಮುದ್ರಿಸಿದರೆ, ಕೇಳುವವನು ಆ ಬೊಂಬೆ ಇದ್ದ ಜಾಗದಲ್ಲಿ ತಾನೇ ಕುಳಿತಂತಾಗಲಾರದೆ?

1933ರ ಷಿಕಾಗೋ ವಿಶ್ವಪ್ರದರ್ಶನದಲ್ಲಿ ಬೆಲ್ ಪ್ರಯೋಗಾಲಯದವರು ‘ಆಸ್ಕರ್’ ಎಂಬ ಅಂತಹ ಒಂದು ಬೊಂಬೆಯನ್ನು ಗಾಜಿನ ಕೊಠಡಿಯಲ್ಲಿ ಕೂರಿಸಿ ಜನರಿಗೆ ಕೇಳಿಸಿದ್ದರು. ಆದರೆ ಅದು ಕಲೆಯ ಕೈಗೆ ಬಂದುದು ನಲವತ್ತು ವರ್ಷಗಳ ಅನಂತರ. 1973ರಲ್ಲಿ ಜರ್ಮನಿಯ ನಾಯ್‌ಮನ್ ಸಂಸ್ಥೆ ಕೃತಕಶಿರಸ್ಸಿನ ಮೈಕನ್ನು ಹೊರತಂದಿತು. ಅದೇ ವರ್ಷ ಬರ್ಲಿನ್ನಿನ ಆಕಾಶವಾಣಿಯಲ್ಲಿ ‘ಡಿಮಾಲಿಷನ್’ ಎಂಬ ನಾಟಕವು ‘ಬೈನಾರಲ್’ ಎನ್ನಲಾಗುವ ಈ ವಿಧಾನದಿಂದಲೇ ಪ್ರಸಾರವಾಯಿತು. 1978ರಲ್ಲಿ ಗಾಯಕ ಲೂ ರೀಡ್ ತನ್ನ ‘ಸ್ಟ್ರೀಟ್ ಹ್ಯಾಸಲ್’ ಮುದ್ರಿಕೆಗೆ ಇದನ್ನೇ ಬಳಸಿದ. ಅನಂತರ ಹ್ಯೂಗೋ ಜುಕಾರೆಲ್ಲಿ ಎಂಬ ಅರ್ಜೆಂಟೀನಾದವನು ‘ಹೋಲೋಫೋನಿಕ್ಸ್’ ಎಂಬ ತನ್ನದೇ ಪದ್ಧತಿಯನ್ನು ಪ್ರಚುರಪಡಿಸಿದ. ಪಿಂಕ್ ಫ್ಲಾಯ್ಡ್ ಮೇಳದ ‘ದ ಫೈನಲ್ ಕಟ್’, ಸೈಕಿಕ್ ಟಿ.ವಿ. ಮೇಳದ ‘ಡ್ರೀಮ್ಸ್ ಲೆಸ್ ಸ್ವೀಟ್’ ಎರಡೂ 1983ರಲ್ಲಿ ಆ ಪದ್ಧತಿಯ ನೆರವಿನಿಂದ ಬಂದವು. ಜುಕಾರೆಲ್ಲಿ ತನ್ನ ವಿದ್ಯೆಯ ಮಾದರಿಯೆಂದು ಕೇಳಿಸುತ್ತಿದ್ದ ತುಣುಕು ಅತ್ಯಂತ ಸರಳವಾದದ್ದು: ಒಂದು ಬೆಂಕಿಪೊಟ್ಟಣವನ್ನು ಕುಲುಕುವ ಸದ್ದು. ಅದು ಬಲಗಿವಿಯ ಪಕ್ಕದಲ್ಲಿ ಕುಲುಕುತ್ತದೆ, ತಲೆಯ ಹಿಂದಕ್ಕೆ ಸರಿಯುತ್ತದೆ, ನೆತ್ತಿಯ ಮೇಲೆ ಏರುತ್ತದೆ, ಎಡಕ್ಕೆ ಇಳಿಯುತ್ತದೆ. ಕಡ್ಡಿಗಳು ಒಂದಕ್ಕೊಂದು ತಾಗುವುದು ಬಿಡಿಬಿಡಿಯಾಗಿ ಕೇಳಿಸುತ್ತದೆ. ಕೇಳುವವನ ಕತ್ತು ಅವನಿಗೇ ಅರಿಯದಂತೆ ಅತ್ತಿತ್ತ ಹೊರಳುತ್ತದೆ. ಹಾಡೂ ಇಲ್ಲ, ಮಾತೂ ಇಲ್ಲ. ಒಂದು ಬೆಂಕಿಪೊಟ್ಟಣವು ಇಷ್ಟನ್ನು ಮಾಡಬಲ್ಲುದಾದರೆ ಮನುಷ್ಯನ ಪಿಸುಮಾತು ಏನನ್ನು ಮಾಡಲಾರದು ಎಂಬ ಪ್ರಶ್ನೆ ಪ್ರಯೋಗಶೀಲರ ಮನಸ್ಸಿನಲ್ಲಿ ಎದ್ದುದು ಸಹಜವೇ ಆಗಿತ್ತು.

ಆ ಪ್ರಶ್ನೆಗೆ ಉತ್ತರ ಕೊಡಲು ಸ್ಯಾನ್ ಫ್ರಾನ್ಸಿಸ್ಕೋ ನಗರವೇ ಏಕೆ ಮುಂದೆ ಬಂದಿತು? ಆ ನಗರದ ಮಿಷನ್ ಪ್ರದೇಶದಲ್ಲಿ 1977ರಲ್ಲಿ ಜೋನಿ ಬ್ಲ್ಯಾಂಕ್ ಎಂಬ ಮಹಿಳೆ ‘ಗುಡ್ ವೈಬ್ರೇಷನ್ಸ್’ ಎಂಬ ಸಣ್ಣ ಅಂಗಡಿಯನ್ನು ತೆರೆದಿದ್ದಳು. ಹೆಂಗಸರು ನಾಚಿಕೆಯಿಂದ ತಲೆತಗ್ಗಿಸದೆ ಒಳಕ್ಕೆ ಬಂದು, ತಮ್ಮ ದೇಹದ ಸುಖವನ್ನು ಕುರಿತು ತಿಳಿವಳಿಕೆಯುಳ್ಳವರೊಡನೆ ಮಾತನಾಡಿ, ಬೇಕಾದ ಪುಸ್ತಕವನ್ನೋ ಸಾಧನವನ್ನೋ ಕೊಂಡುಹೋಗಬಹುದಾದ ಸ್ಥಳವಾಗಿತ್ತು ಅದು. 1992ರಲ್ಲಿ ಅದು ಕೆಲಸಗಾರರದೇ ಸಹಕಾರಿ ಸಂಸ್ಥೆಯಾಯಿತು. 1984ರಲ್ಲಿ ಅದೇ ನಗರದಿಂದ ‘ಆನ್ ಅವರ್ ಬ್ಯಾಕ್ಸ್’ ಎಂಬ ಪತ್ರಿಕೆ ಹೊರಟಿತು. ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳು ತಮಗಾಗಿ ತಾವೇ ಬರೆದು, ಚಿತ್ರಿಸಿ, ಅಚ್ಚುಮಾಡಿಸಿದ ಶೃಂಗಾರಪತ್ರಿಕೆ ಅದು. ಆಗ ಅಮೆರಿಕದ ಸ್ತ್ರೀವಾದಿಗಳಲ್ಲಿ ಒಂದು ಘೋರವಾದ ಅಂತಃಕಲಹ ನಡೆದಿದ್ದಿತು. ಆಂಡ್ರಿಯಾ ಡ್ವರ್ಕಿನ್, ಕ್ಯಾಥರೀನ್ ಮೆಕಿನನ್ ಮೊದಲಾದವರು ಅಶ್ಲೀಲ ಚಿತ್ರಗಳೇ ಸ್ತ್ರೀಯರ ಮೇಲಿನ ಹಿಂಸೆಯೆಂದು ವಾದಿಸಿ ಶಾಸನವನ್ನೇ ಬಯಸಿದರು. ಸರ್ಕಾರವು ನೇಮಿಸಿದ ಮೀಸ್ ಆಯೋಗವೂ 1986ರಲ್ಲಿ ಆ ಚಿತ್ರಗಳ ವಿರುದ್ಧವೇ ವರದಿ ಕೊಟ್ಟಿತು. ಇದಿರುಪಕ್ಷದ ಮಹಿಳೆಯರು, ನಮ್ಮ ಬಯಕೆಯನ್ನು ನಾವೇ ನುಡಿಯದೆ ಹೋದರೆ ಅದನ್ನು ಗಂಡಸರು ಮಾತ್ರವೇ ನುಡಿಯುತ್ತ ಹೋಗುವರಲ್ಲವೆ ಎಂದರು. ಲೀಸಾ ಪಲಾಕ್ ಮೊದಲನೆಯ ಪಕ್ಷದಿಂದ ಎರಡನೆಯದಕ್ಕೆ ನಡೆದುಬಂದವಳು. 1998ರಲ್ಲಿ ಅವಳು ಪ್ರಕಟಿಸಿದ ‘ದ ಎಡ್ಜ್ ಆಫ್ ದ ಬೆಡ್’ ಎಂಬ ಆತ್ಮಕಥನ ಆ ನಡಿಗೆಯ ಕಥೆಯೇ ಆಗಿದೆ. ಈ ಎರಡು ಪಕ್ಷಗಳಲ್ಲಿ ಒಂದೇ ಸಂಪೂರ್ಣವಾಗಿ ಸರಿಯೆಂದು ನಾನು ಹೇಳಲಾರೆ. ಆದರೆ ಎರಡನೆಯ ಪಕ್ಷದ ಹೆಂಗಸರ ಧೈರ್ಯಕ್ಕೆ ತಲೆಬಾಗುತ್ತೇನೆ, ಏಕೆಂದರೆ ಅವರು ಎರಡು ಕಡೆಯಿಂದಲೂ ಬೈಗುಳಗಳನ್ನು ಕೇಳಿಯೂ ತಮ್ಮ ಹೆಸರುಗಳನ್ನು ಮರೆಮಾಡಲಿಲ್ಲ.

ಇವರೊಡನೆ ಇನ್ನೊಂದು ಜನಸಮೂಹವೂ ಸೇರಿಕೊಂಡಿತು. ‘ರೀಸರ್ಚ್’ ಎಂಬ ಪ್ರಕಾಶನವು 1983ರಲ್ಲಿ ಇಂಡಸ್ಟ್ರಿಯಲ್ ಸಂಗೀತಗಾರರನ್ನು ಕುರಿತೂ, 1991ರಲ್ಲಿ ‘ಆ್ಯಂಗ್ರಿ ವಿಮೆನ್’ ಎಂಬ ಹೆಸರಿನಲ್ಲಿ ದಿಟ್ಟ ಕಲಾವಿದೆಯರನ್ನು ಕುರಿತೂ ದಪ್ಪ ದಪ್ಪ ಸಂಪುಟಗಳನ್ನು ಹೊರತಂದಿತ್ತು. ಈಗಿನವರು ಆ ಕಾಲದ ಉಪಸಂಸ್ಕೃತಿಯೆಂದು ನೆನೆಯುವ ಅನೇಕ ಸಂಗತಿಗಳಿಗೆ ಆ ಸಂಪುಟಗಳೇ ಕೈಪಿಡಿಗಳಾಗಿದ್ದುವು. ಅಂಚೆಯ ಮೂಲಕ ಕ್ಯಾಸೆಟ್ಟುಗಳನ್ನು ವಿನಿಮಯ ಮಾಡಿಕೊಳ್ಳುತ್ತಿದ್ದವರು, ಜೆರಾಕ್ಸ್ ಯಂತ್ರದಲ್ಲಿ ಪತ್ರಿಕೆಯನ್ನು ತೆಗೆದು ಸ್ಟೇಪ್ಲರ್ ಹಾಕಿ ಹಂಚುತ್ತಿದ್ದವರು, ಆ ಪತ್ರಿಕೆಗಳ ವಿಳಾಸಗಳನ್ನೂ ವಿಮರ್ಶೆಗಳನ್ನೂ ನೂರಾರು ಸಂಖ್ಯೆಯಲ್ಲಿ ಒಂದೆಡೆ ಕೊಡುತ್ತಿದ್ದ ‘ಫ್ಯಾಕ್ಟ್‌ಷೀಟ್ ಫೈವ್’ ಎಂಬ ಪತ್ರಿಕೆಗಾಗಿ ಕಾಯುತ್ತಿದ್ದವರು, ಇವರೆಲ್ಲರೂ ಒಬ್ಬರನ್ನೊಬ್ಬರು ಕಾಣದೆಯೇ ಬಲ್ಲವರಾಗಿದ್ದರು. ಕೊಲ್ಲಿಯ ಆಚೆಗಿನ ಬರ್ಕ್‌ಲಿಯಿಂದ 1989ರಲ್ಲಿ ಹೊರಟ ‘ಮಾಂಡೋ 2000’ ಪತ್ರಿಕೆಯು ಗಣಕಯಂತ್ರಕ್ಕೆ ಸ್ವಪ್ನಗಳನ್ನು ಜೋಡಿಸಿತು. ಪಲಾಕ್ ಸಂಪಾದಿಸಿದ ‘ಫ್ಯೂಚರ್ ಸೆಕ್ಸ್’ ಪತ್ರಿಕೆಯು ಈ ಎಲ್ಲ ಹೊಳೆಗಳೂ ಕೂಡಿದ ಸಂಗಮವಾಗಿತ್ತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದೊಂದು ಉಲ್ಲಾಸದ ಚಿತ್ರ; ಇಂದಿನ ಸ್ಮರಣಲೇಖನಗಳು ಬಹುಮಟ್ಟಿಗೆ ಇಲ್ಲಿಯೇ ನಿಲ್ಲುತ್ತವೆ. ಆದರೆ ಅದೇ ನಗರದಲ್ಲಿ, ಅದೇ ಬೀದಿಗಳಲ್ಲಿ, ಅದೇ ವರ್ಷಗಳಲ್ಲಿ ನಡೆದಿದ್ದುದು ಮೃತ್ಯುವಿನ ತಾಂಡವ. 1981ರ ಜೂನ್ 5ರಂದು ಹೊರಬಂದ ಒಂದು ಸರ್ಕಾರಿ ಆರೋಗ್ಯವರದಿಯಲ್ಲಿ ಐವರು ತರುಣರ ವಿಚಿತ್ರ ವ್ಯಾಧಿಯೆಂದು ಕಾಣಿಸಿಕೊಂಡ ಏಡ್ಸ್, ಕೆಲವೇ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ತಲೆಮಾರನ್ನೇ ಕೆಡವಿತು. 1983ರಲ್ಲಿ ಅಲ್ಲಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಈ ರೋಗಿಗಳಿಗಾಗಿಯೇ ‘5ಬಿ’ ಎಂಬ ವಾರ್ಡನ್ನು ತೆರೆದರು. ಅಲ್ಲಿನ ದಾದಿಯರು ಕೈಗವಸಿಲ್ಲದೆ ರೋಗಿಗಳ ಕೈಹಿಡಿದು ಕೂರುತ್ತಿದ್ದರೆಂಬುದೇ ದೇಶಕ್ಕೆಲ್ಲ ಸುದ್ದಿಯಾಯಿತೆಂದರೆ, ಸ್ಪರ್ಶವೆಂಬುದು ಎಂತಹ ಭಯದ ವಸ್ತುವಾಗಿದ್ದಿತೆಂಬುದನ್ನು ಊಹಿಸಬಹುದು. 1984ರ ಅಕ್ಟೋಬರಿನಲ್ಲಿ ನಗರದ ಆರೋಗ್ಯಾಧಿಕಾರಿ ಪುರುಷರು ಕೂಡುತ್ತಿದ್ದ ಸ್ನಾನಗೃಹಗಳನ್ನು ಮುಚ್ಚುವಂತೆ ಆಜ್ಞೆ ಹೊರಡಿಸಿದ. 1990ರ ದಶಕದ ಮೊದಲ ಭಾಗದಲ್ಲಿ ಅಲ್ಲಿನ ಸಾವುಗಳು ಶಿಖರವನ್ನು ಮುಟ್ಟಿದವು. ‘ಸೈಬಾರ್ಗ್ಯಾಸಂ’ ಹೊರಬಂದ 1993ರಲ್ಲಿ ಈ ವ್ಯಾಧಿಯನ್ನು ಹಿಡಿದು ನಿಲ್ಲಿಸುವ ಔಷಧಿ ಇರಲಿಲ್ಲ.

ಆದುದರಿಂದ, ಆ ನಗರದ ಶೃಂಗಾರಪ್ರಯೋಗಿಗಳು ಕಣ್ಣನ್ನು ಕಟ್ಟಿ ಕಿವಿಯನ್ನು ತೆರೆದುದು ಕೇವಲ ಹೊಸ ಯಂತ್ರದ ಮೋಹದಿಂದಲ್ಲ. ಮುಟ್ಟಲಾಗದ ಕಾಲದಲ್ಲಿ ಮುಟ್ಟದೆಯೂ ಸಮೀಪಿಸುವ ದಾರಿಗಳನ್ನು ಅವರು ಹುಡುಕುತ್ತಿದ್ದರು: ಟೆಲಿಫೋನಿನ ಮಾತು, ಕಥೆ ಓದುವ ಕೂಟಗಳು, ದೂರದಿಂದ ನೋಡುವುದು, ಹತ್ತಿರದಿಂದ ಕೇಳುವುದು. ಧ್ವನಿಯಿಂದ ಸೋಂಕು ತಗುಲುವುದಿಲ್ಲ. ಮೃತ್ಯುವಿನ ನೆರಳಿನಲ್ಲಿಯೂ ಬಯಕೆಯನ್ನು ಪಾಪವೆಂದು ತೊರೆಯಲೊಲ್ಲದ, ಆದರೆ ಬದುಕಿ ಉಳಿಯಲೂ ಬಯಸಿದ ಜನರ ಬುದ್ಧಿವಂತಿಕೆಯಿದು. ಇದನ್ನು ವಿಲಾಸವೆಂದು ಕರೆಯುವುದು ಅವರಿಗೆ ಮಾಡುವ ಅನ್ಯಾಯ. ಅಗಲಿಕೆಯಲ್ಲಿ ನಾಯಕಿ ಮೇಘದೊಡನೆ, ಗಾಳಿಯೊಡನೆ, ಹಕ್ಕಿಯೊಡನೆ ಮಾತನಾಡುತ್ತಾಳೆಂದು ನಮ್ಮ ಕವಿಗಳು ಬಗೆಬಗೆಯಾಗಿ ವರ್ಣಿಸಿಲ್ಲವೆ? ಆ ನಗರದ ವಿರಹಿಗಳಿಗೆ ದೂತನಾಗಿ ಸಿಕ್ಕಿದುದು ಮೈಕು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ ವರ್ಷಗಳಲ್ಲಿ ‘ವರ್ಚುವಲ್ ರಿಯಾಲಿಟಿ’ ಎಂಬ ಮಾತು ಎಲ್ಲರ ಬಾಯಲ್ಲಿಯೂ ಓಡಾಡುತ್ತಿದ್ದಿತು. ಜ್ಯಾರನ್ ಲನಿಯರ್ ಸ್ಥಾಪಿಸಿದ ವಿ.ಪಿ.ಎಲ್. ಸಂಸ್ಥೆಯು ಕೈಗೆ ತೊಡುವ ‘ಡೇಟಾಗ್ಲವ್’ ಎಂಬ ಗವಸನ್ನೂ ಕಣ್ಣಿಗೆ ಕಟ್ಟುವ ಪರದೆಯನ್ನೂ ಮಾಡಿ ತೋರಿಸಿತ್ತು. 1991ರಲ್ಲಿ ಲೇಖಕ ಹೊವರ್ಡ್ ರೈನ್‌ಗೋಲ್ಡ್ ತನ್ನ ಗ್ರಂಥದಲ್ಲಿ, ಮೈಗೆ ಅಂಟಿದ ಒಂದು ಸೂಕ್ಷ್ಮವಾದ ಉಡುಪಿನ ಮೂಲಕ ದೂರದಲ್ಲಿರುವವರು ಒಬ್ಬರನ್ನೊಬ್ಬರು ಮುಟ್ಟುವ ದಿನವು ಹಲವು ದಶಕಗಳ ಬಳಿಕ ಬಂದೀತೆಂದು ಊಹಿಸಿದ್ದ. ಪತ್ರಿಕೆಗಳ ಮುಖಪುಟಗಳಲ್ಲಿ ಆ ಉಡುಪು ಆಗಲೇ ಸಿದ್ಧವಾಗಿಬಿಟ್ಟಂತೆ ಚಿತ್ರಗಳು ಬಂದವು. ನಿಜಕ್ಕೂ ಸಿದ್ಧವಾದುದು, ಸಾಮಾನ್ಯನ ಕೈಗೆ ಎಟುಕಿದುದು, ಮಾತು ಕೊಟ್ಟಂತೆ ನಡೆದುಕೊಂಡುದು ಯಾವುದೆಂದು ಕೇಳಿದರೆ, ಎಷ್ಟೋ ವರ್ಷಗಳ ಹಿಂದೆಯೇ ಇದ್ದ ಎರಡು ಮೈಕುಗಳ ಉಪಾಯ. 1979ರಲ್ಲಿ ಸೋನಿಯವರ ವಾಕ್‌ಮನ್ ಬಂದಂದಿನಿಂದ ಹೆಡ್‌ಫೋನು ಮನೆಮನೆಗೂ ಬಂದಿದ್ದಿತು. ಬೇರೆ ಯಂತ್ರವೇ ಬೇಕಾಗಿರಲಿಲ್ಲ. ‘ಸೈಬಾರ್ಗ್ಯಾಸಂ’ ಮುದ್ರಣಕ್ಕೆ ‘ವರ್ಚುವಲ್ ಆಡಿಯೋ’ ಎಂಬ ಪದ್ಧತಿಯನ್ನು ಒದಗಿಸಿದ ಕ್ರಿಸ್ಟಫರ್ ಕರೆಲ್ ಎಂಬಾತ ಹಿಂದೆ ಮೈಕೆಲ್ ಜ್ಯಾಕ್ಸನ್ನನ ಪ್ರವಾಸದಲ್ಲಿ ಸಿನ್‌ಕ್ಲೇವಿಯರ್ ಎಂಬ ಗಣಕವಾದ್ಯವನ್ನು ನುಡಿಸಿದವನು.

ಈ ಬಗೆಯ ಮುದ್ರಣವನ್ನು ಕೇಳುವಾಗ ಆಗುವ ಅನುಭವವನ್ನು ಕೊಂಚ ಸಾವಧಾನವಾಗಿ ಪರೀಕ್ಷಿಸುವುದು ಯುಕ್ತ. ಸಾಧಾರಣ ಸ್ಟೀರಿಯೋ ಸಂಗೀತವನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಧ್ವನಿಯು ತಲೆಬುರುಡೆಯ ಒಳಗೆ, ಎರಡು ಕಿವಿಗಳ ನಡುವೆ ಎಲ್ಲಿಯೋ ನಿಂತಂತೆ ಕೇಳಿಸುತ್ತದೆ. ಬೈನಾರಲ್ ಮುದ್ರಣದಲ್ಲಾದರೆ ಅದು ತಲೆಯ ಹೊರಕ್ಕೆ ಬರುತ್ತದೆ. ಕೋಣೆಯೊಂದು ಸುತ್ತಲೂ ಏಳುತ್ತದೆ. ಅದರ ಗೋಡೆ ಎಷ್ಟು ದೂರ, ನೆಲ ಹಲಗೆಯದೋ ಜಮಖಾನ ಹಾಸಿದ್ದೋ ಎಂಬುದು ಕೂಡ ತಿಳಿಯುತ್ತದೆ. ಆ ಕೋಣೆಯ ದೂರದ ಮೂಲೆಯಲ್ಲಿ ಮಾತನಾಡುತ್ತಿದ್ದವರು ಹತ್ತಿರ ಬಂದು ಒಂದು ಕಿವಿಯ ಬಳಿ ಬಾಗಿದರೆ, ಆ ಕಿವಿಯಲ್ಲಿ ಧ್ವನಿ ಏರಿ ಇನ್ನೊಂದರಲ್ಲಿ ಇಳಿದುಹೋಗುತ್ತದೆ. ನಿಜಜೀವನದಲ್ಲಿ ಇಷ್ಟು ಅಂತರ ಕಾಣುವುದು ಒಬ್ಬರು ಗೇಣುದೂರಕ್ಕೆ ಬಂದಾಗ ಮಾತ್ರ. ಅದನ್ನು ಬಲ್ಲ ಮೈ ಉಸಿರನ್ನು ನಿರೀಕ್ಷಿಸಿ ಜುಮ್ಮೆನ್ನುತ್ತದೆ. ಮುಂದೆ 1996ರಲ್ಲಿ ಕ್ಯೂಸೌಂಡ್ ಸಂಸ್ಥೆಯವರು ಮಾಡಿದ, ಇಂದಿನ ಹುಡುಗರೂ ಬಲ್ಲ ಕ್ಷೌರದಂಗಡಿಯ ಧ್ವನಿತುಣುಕಿನಲ್ಲಿ ಕತ್ತರಿಯ ಸಪ್ಪಳ ಕಿವಿಯ ಸುತ್ತ ಸುಳಿದಾಗ ಕತ್ತಿನ ಹಿಂದೆ ಏಳುವ ಪುಲಕವೂ ಇದೇ ಜಾತಿಯದು.

ಆದರೆ ಈ ವಿದ್ಯೆಗೆ ಒಂದು ಕೊರತೆಯುಂಟು. ನನಗೆ ಆ ಕೊರತೆಯೇ ಎಲ್ಲಕ್ಕಿಂತ ಅರ್ಥವತ್ತಾಗಿ ಕಂಡಿದೆ. ಬೊಂಬೆಯ ಕಿವಿಯ ಮಡಿಕೆಗಳು ಕೇಳುವವನ ಕಿವಿಯ ಮಡಿಕೆಗಳಲ್ಲ. ತಲೆಯನ್ನು ತಿರುಗಿಸಿದರೆ ಧ್ವನಿಯೂ ಒಟ್ಟಿಗೇ ತಿರುಗುತ್ತದೆ. ಹೀಗಾಗಿ ಪಕ್ಕದ ಶಬ್ದಗಳೂ ಹಿಂದಿನ ಶಬ್ದಗಳೂ ಅದ್ಭುತವಾಗಿ ಮೂಡುತ್ತವೆ. ಎದುರಿನ ಶಬ್ದ ಮಾತ್ರ ಎದುರಿನಲ್ಲಿ ನಿಲ್ಲಲೊಲ್ಲದು. ಮುಖಾಮುಖಿಯಾಗಿ ನಿಂತು ನುಡಿದವರ ಮಾತು ಹಿಂದಿನಿಂದಲೋ ಮೇಲಿನಿಂದಲೋ ಬಂದಂತೆ ಕೇಳಿಸುವುದು ಸಾಮಾನ್ಯ. ಎಂದರೆ, ಇನಿಯಳನ್ನು ಅಥವಾ ಇನಿಯನನ್ನು ಇದು ನಮ್ಮ ಬೆನ್ನ ಹಿಂದಕ್ಕೆ, ಭುಜದ ಬಳಿಗೆ ತಂದು ನಿಲ್ಲಿಸಬಲ್ಲುದೇ ಹೊರತು ಕಣ್ಣೆದುರಿಗೆ ತಂದುಕೊಡಲಾರದು. ಧ್ವನಿವರ್ಧಕದಲ್ಲಿ ಹಾಕಿದರೆ ಎರಡು ಧ್ವನಿಗಳೂ ಎರಡೂ ಕಿವಿಗಳಿಗೆ ಬೆರೆತು ಬಂದು ಮಾಯೆಯೆಲ್ಲ ಕರಗಿಹೋಗುತ್ತದೆ. ಆದುದರಿಂದ ಇಬ್ಬರು ಒಟ್ಟಿಗೆ ಕುಳಿತು ಒಂದು ಪೆಟ್ಟಿಗೆಯಿಂದ ಇದನ್ನು ಕೇಳಲಾಗದು. ಹೆಡ್‌ಫೋನನ್ನು ಧರಿಸಿದವನು ಒಂಟಿ. ಬೇರೆ ಯಾವ ಮಾಧ್ಯಮವೂ ಸಾಮೀಪ್ಯವನ್ನು ಇಷ್ಟು ತೀವ್ರವಾಗಿ ಕೊಡಲಿಲ್ಲ, ಬೇರೆ ಯಾವ ಮಾಧ್ಯಮವೂ ಏಕಾಂತವನ್ನು ಇಷ್ಟು ಕಟ್ಟುನಿಟ್ಟಾಗಿ ವಿಧಿಸಲಿಲ್ಲ. ವಿಪ್ರಲಂಭವೆಂದು ನಾನು ಕರೆದುದು ಕಾಲದ ಕಾರಣದಿಂದ ಮಾತ್ರವಲ್ಲ, ಆ ಯಂತ್ರದ ಸ್ವಭಾವದಿಂದಲೂ ಹೌದು.

ಆ ಮುದ್ರಿಕೆಗೆ ತಮ್ಮ ಕಂಠವನ್ನು ಕೊಟ್ಟವರಲ್ಲಿ ಸೂಸಿ ಬ್ರೈಟ್ ಒಬ್ಬಳು. ‘ಗುಡ್ ವೈಬ್ರೇಷನ್ಸ್’ ಅಂಗಡಿಯಲ್ಲಿ ಕೆಲಸ ಮಾಡಿ, ‘ಆನ್ ಅವರ್ ಬ್ಯಾಕ್ಸ್’ ಪತ್ರಿಕೆಯನ್ನು ಸಂಪಾದಿಸಿ, 1988ರಲ್ಲಿ ‘ಹರಾಟಿಕಾ’ ಎಂಬ ಸ್ತ್ರೀಯರ ಶೃಂಗಾರಕಥೆಗಳ ಸಂಕಲನವನ್ನು ಹೊರತಂದು, ಆ ಚಳವಳಿಗೆಲ್ಲ ವಾಗ್ಮಿಯಾಗಿದ್ದವಳು ಅವಳು. ಕನ್ನಡದ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆಕೆಯ ತಂದೆ ವಿಲಿಯಂ ಬ್ರೈಟ್. ಭಾಷಾವಿಜ್ಞಾನವನ್ನು ಅಭ್ಯಸಿಸಿದ ನಮ್ಮವರಿಗೆ ಆ ಹೆಸರು ಚಿರಪರಿಚಿತ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಾದ ಕರೂಕರ ಭಾಷೆಗೆ ವ್ಯಾಕರಣವನ್ನು ಬರೆದ ಆ ವಿದ್ವಾಂಸರು 1950ರ ದಶಕದ ಮಧ್ಯಭಾಗದಲ್ಲಿ ಪುಣೆಯ ಡೆಕ್ಕನ್ ಕಾಲೇಜಿಗೆ ಬಂದು, ಕನ್ನಡವನ್ನು ಕಲಿತು, ‘ಆ್ಯನ್ ಔಟ್‌ಲೈನ್ ಆಫ್ ಕಲೋಕ್ವಿಯಲ್ ಕನ್ನಡ’ ಎಂಬ ಗ್ರಂಥವನ್ನು ರಚಿಸಿದರು. ಗ್ರಂಥಸ್ಥವಾದ ಕನ್ನಡಕ್ಕೆ ವ್ಯಾಕರಣಗಳು ಕೇಶಿರಾಜನ ಕಾಲದಿಂದಲೂ ಇದ್ದುವು. ಮನೆಯಲ್ಲಿ, ಬೀದಿಯಲ್ಲಿ ಜನರು ನಿಜವಾಗಿ ಹೇಗೆ ಮಾತನಾಡುತ್ತಾರೆಂಬುದನ್ನು ಕಿವಿಗೊಟ್ಟು ಕೇಳಿ, ಕೇಳಿದಂತೆಯೇ ಬರೆದಿಟ್ಟ ಆರಂಭದ ಪ್ರಯತ್ನಗಳಲ್ಲಿ ಅದು ಗಣ್ಯವಾದುದು. ಬ್ರಾಹ್ಮಣರ ಆಡುಮಾತಿಗೂ ಇತರರ ಆಡುಮಾತಿಗೂ ಇರುವ ಭೇದಗಳನ್ನು ಅವರು ಶೋಧಿಸಿದರು. ದಕ್ಷಿಣದ ಭಾಷೆಗಳ ಜಾತಿಭೇದಗಳನ್ನು ಕುರಿತು ನಮ್ಮ ಎ.ಕೆ. ರಾಮಾನುಜನ್ನರೊಡನೆ ಕೂಡಿ ಬರೆದರು. ಆಡುಗನ್ನಡದ ಆ ಗ್ರಂಥ ಅಚ್ಚಾದುದು 1958ರಲ್ಲಿ; ಸೂಸಿ ಹುಟ್ಟಿದುದೂ ಅದೇ ವರ್ಷ. ತಂದೆಯ ಕಿವಿಯೇ ಮಗಳಿಗೆ ಬಂದಿತೆಂದು ಸಾಧಿಸಲು ನಾನು ಹೊರಟಿಲ್ಲ. ಆದರೆ ಬರಹದ ಮರ್ಯಾದೆಯೊಳಕ್ಕೆ ಪ್ರವೇಶವಿಲ್ಲದ ಮಾತನ್ನು, ಜನರು ಬಾಗಿಲ ಹಿಂದೆ ಆಡುವ ಮಾತನ್ನು, ಕೀಳೆಂದು ತಳ್ಳದೆ ಗೌರವದಿಂದ ಆಲಿಸಿದ ಇಬ್ಬರು ಒಂದೇ ಮನೆತನದಲ್ಲಿದ್ದರೆಂಬುದು, ಅವರಲ್ಲಿ ಒಬ್ಬರು ಆಲಿಸಿದುದು ನಮ್ಮ ತಾಯ್ನುಡಿಯನ್ನೆಂಬುದು, ನನಗೆ ಸಂತೋಷದ ವಿಷಯ.

ಆ ಮುದ್ರಿಕೆಗಳೆಲ್ಲ ಉತ್ತಮ ಕಲಾಕೃತಿಗಳೆಂದು ಹೇಳುವ ಉತ್ಸಾಹ ನನಗಿಲ್ಲ. ಅವುಗಳಲ್ಲಿ ನಾಟಕೀಯತೆ ಮಿತಿಮೀರಿದ ಕಡೆಗಳುಂಟು. ಬೆಚ್ಚಿಬೀಳಿಸಬೇಕೆಂಬ ಹಟವು ಬಯಕೆಯ ಸೂಕ್ಷ್ಮವನ್ನು ತುಳಿದುಬಿಟ್ಟ ಕಡೆಗಳುಂಟು. ಎಲ್ಲದಕ್ಕೂ ‘ಸೈಬರ್’ ಎಂಬ ಪೂರ್ವಪದವನ್ನು ಅಂಟಿಸಿದರೆ ಭವಿಷ್ಯ ತೆರೆಯುವುದೆಂಬ ಆ ಕಾಲದ ನಂಬಿಕೆ ಇಂದು ಎಳಸಾಗಿ ತೋರುತ್ತದೆ. ನಮ್ಮ ಆಲಂಕಾರಿಕರು ಬಯಸಿದ ವ್ಯಂಗ್ಯಾರ್ಥದ ಸೊಗಸು, ಹೇಳದೆ ಬಿಟ್ಟು ಹೇಳುವ ಸಂಯಮ ಅಲ್ಲಿ ಅಪರೂಪ. ಆದರೂ ಮಾತು ನಿಂತು ಕೋಣೆಯ ಸದ್ದು ಮಾತ್ರ ಉಳಿಯುವ ಗಳಿಗೆಗಳಲ್ಲಿ ಅವು ಕಾವ್ಯವನ್ನು ಸೋಕುತ್ತವೆ. ಆಗ ಕೇಳುವವನಿಗೆ ಬಳಿಯಲ್ಲಿ ಒಬ್ಬರಿದ್ದಾರೆಂಬುದು ಮಾತ್ರ ತಿಳಿದಿರುತ್ತದೆ. ಅವರು ಏನು ಮಾಡುವರೆಂಬುದು ತಿಳಿದಿರುವುದಿಲ್ಲ.

ಆ ಕಾಲ ಮುಗಿದುದು ಬೇಗ. 1996ರಲ್ಲಿ ಹೊಸ ಔಷಧಿಗಳ ಸಂಯೋಗದಿಂದ ಏಡ್ಸ್ ರೋಗಿಗಳು ಬದುಕತೊಡಗಿದರು. ವಾರವಾರವೂ ಪುಟಗಟ್ಟಲೆ ಮರಣವಾರ್ತೆಗಳನ್ನು ಅಚ್ಚುಮಾಡುತ್ತಿದ್ದ ‘ಬೇ ಏರಿಯಾ ರಿಪೋರ್ಟರ್’ ಎಂಬ ಸ್ಥಳೀಯ ಪತ್ರಿಕೆಯು 1998ರ ಆಗಸ್ಟ್ ತಿಂಗಳಿನ ಒಂದು ವಾರ, ಈ ಸಲ ಮರಣವಾರ್ತೆಗಳಿಲ್ಲವೆಂದು ಮುಖಪುಟದಲ್ಲಿ ದೊಡ್ಡಕ್ಷರಗಳಿಂದ ಪ್ರಕಟಿಸಿತು. 1996ರಲ್ಲಿಯೇ ಅಮೆರಿಕದ ಸಂಸತ್ತು ಅಂತರ್ಜಾಲದ ಅಶ್ಲೀಲತೆಯನ್ನು ಶಿಕ್ಷಿಸುವ ಕಾಯಿದೆಯನ್ನು ಮಾಡಿತು, ಮರುವರ್ಷ ಸರ್ವೋಚ್ಚ ನ್ಯಾಯಾಲಯವು ಅದರ ಮುಖ್ಯಾಂಶಗಳನ್ನು ಹೊಡೆದುಹಾಕಿತು. ಆ ಹೊತ್ತಿಗೆ ‘ಫ್ಯೂಚರ್ ಸೆಕ್ಸ್’ ನಿಂತುಹೋಗಿದ್ದಿತು. ಡಾಟ್‌ಕಾಮ್ ಕಂಪನಿಗಳ ಹಣ ಹರಿದುಬಂದು ಮಿಷನ್ ಪ್ರದೇಶದ ಬಾಡಿಗೆಗಳು ಏರಿದುವು. ಗಣಕಯಂತ್ರಕ್ಕೆ ಸ್ವಪ್ನಗಳನ್ನು ಜೋಡಿಸಿದವರು ಆ ಯಂತ್ರದ ಐಶ್ವರ್ಯದಿಂದಲೇ ತಮ್ಮ ಮನೆಗಳನ್ನು ಬಿಡಬೇಕಾಗಿ ಬಂದಿತು.

ಇಂದು ಕಿವಿಯಲ್ಲಿ ಪಿಸುಗುಟ್ಟುವ ಧ್ವನಿಗಳಿಗೆ ಬರವಿಲ್ಲ. ಎ.ಎಸ್.ಎಂ.ಆರ್. ಎಂದು ಕರೆಯಲ್ಪಡುವ ಪಿಸುಮಾತಿನ ವಿಡಿಯೋಗಳನ್ನು ನಿದ್ರೆ ಬಾರದವರು ಪ್ರಪಂಚದಲ್ಲೆಲ್ಲ ಕೇಳುತ್ತಾರೆ. 2018ರಲ್ಲಿ ಅದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ‘ಡಿಪ್ಸಿ’ ಎಂಬ ಆ್ಯಪ್ ಮುಖ್ಯವಾಗಿ ಸ್ತ್ರೀಯರಿಗಾಗಿ ಶೃಂಗಾರಕಥೆಗಳನ್ನು ಚಂದಾ ಪಡೆದು ಕೇಳಿಸುತ್ತದೆ. ಇವುಗಳ ಕುಸುರಿ ಹೆಚ್ಚು ನಯವಾದುದು, ಸಭ್ಯತೆಯೂ ಹೆಚ್ಚಿನದು. ನಾನು ಅವನ್ನು ಹಳಿಯುವುದಿಲ್ಲ. ಹಂಬಲಿಸುವವರು ಕಳೆದುಹೋಯಿತೆಂದು ಕೊರಗುವುದು ಕೇವಲ ತಮ್ಮ ಯೌವನವನ್ನಲ್ಲ, ಬಯಕೆಯನ್ನು ನುಡಿಯುವುದಕ್ಕೆ ಆಗ ತೆರಬೇಕಾಗಿದ್ದ ಬೆಲೆಯನ್ನು ಎಂದು ನನಗೆ ತೋರುತ್ತದೆ. ಆ ಮಾತನ್ನು ಆಡಿದವರಿಗೆ ನಾಳೆಯ ಭರವಸೆ ಇರಲಿಲ್ಲ. ಆಡಿದುದನ್ನು ಆಲಿಸಿದವರಿಗೂ ಇರಲಿಲ್ಲ. ಅಂತಹ ಕಾಲ ಮರಳಿ ಬರಲೆಂದು ಯಾರೂ ಬಯಸಬಾರದು. ಆದರೆ ಆ ಕಾಲವನ್ನು ನೆನೆಯುವಾಗ ಬಣ್ಣದ ಕೂದಲು, ಚರ್ಮದ ಅಂಗಿ, ಹಳೆಯ ಕ್ಯಾಸೆಟ್ಟು ಇಷ್ಟನ್ನೇ ನೆನೆದು ವಾರ್ಡ್ 5ಬಿಯನ್ನು ಮ­ರೆಯುವುದು ಸ್ಮರಣೆಯಾಗಲಾರದು.

ಸೂಸಿ ಬ್ರೈಟಳ ಕಾಗದಪತ್ರಗಳು ಈಗ ಕಾರ್ನೆಲ್ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿ, ಮಾನವ ಕಾಮಜೀವನಕ್ಕೆಂದೇ 1988ರಲ್ಲಿ ಅಲ್ಲಿ ಆರಂಭವಾದ ಸಂಗ್ರಹದಲ್ಲಿ ಸೇರಿವೆ. ಕಾಗದವನ್ನು ಕಾಪಾಡುವ ವಿದ್ಯೆ ಗ್ರಂಥಪಾಲಕರಿಗೆ ಚೆನ್ನಾಗಿ ಗೊತ್ತು. ಈ ಬಗೆಯ ಧ್ವನಿಯನ್ನು ಕಾಪಾಡುವುದರಲ್ಲಿ ಒಂದು ವಿಶೇಷವಾದ ಎಚ್ಚರಿಕೆ ಬೇಕು. ಜಾಗ ಉಳಿಸಲೆಂದು ಧ್ವನಿಯನ್ನು ಎಂ.ಪಿ.3 ರೂಪಕ್ಕೆ ತೀರ ಬಿಗಿಯಾಗಿ ಹಿಂಡಿದಾಗ, ಎಡಬಲಗಳಲ್ಲಿ ಸಮಾನವಾದುದನ್ನು ಒಂದುಗೂಡಿಸಿ ಅವುಗಳ ನಡುವಣ ಅತಿಸೂಕ್ಷ್ಮವಾದ ಕಾಲಭೇದವನ್ನು ತೊಡೆದುಹಾಕುವ ಕ್ರಮವೊಂದುಂಟು. ಸಂಗೀತಕ್ಕೆ ಅದರಿಂದ ಆಗುವ ನಷ್ಟ ಅಲ್ಪ. ಬೈನಾರಲ್ ಮುದ್ರಣಕ್ಕಾದರೋ ಆ ಕಾಲಭೇದವೇ ಪ್ರಾಣ. ಮಾತುಗಳೆಲ್ಲ ಉಳಿದು, ಒಂದಕ್ಷರವೂ ಕೆಡದೆ, ಮಾತನಾಡುತ್ತಿದ್ದವರು ನಿಂತಿದ್ದ ಕೋಣೆ ಮಾತ್ರ ಇಲ್ಲವಾಗುತ್ತದೆ. ಹಳೆಯ ಪ್ರತಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಹಂಚುವ ಅಭಿಮಾನಿಗಳೂ, ಕಪಾಟಿನಲ್ಲಿಟ್ಟು ಕಾಯುವ ಸಂಸ್ಥೆಗಳೂ, ಮೂಲದ ಸಿ.ಡಿ.ಯಲ್ಲಿರುವ ಧ್ವನಿಯನ್ನು ಒಂದಿಷ್ಟೂ ಕಿರಿದುಮಾಡದೆ ಹಾಗೆಯೇ ಉಳಿಸಿಕೊಳ್ಳಬೇಕು, ಅದನ್ನು ಹೆಡ್‌ಫೋನಿನಲ್ಲಿಯೇ ಕೇಳಬೇಕೆಂಬ ಸೂಚನೆಯನ್ನು ಜೊತೆಗಿಡಬೇಕು, ಸಿಕ್ಕರೆ ಆ ರಟ್ಟಿನ ಕನ್ನಡಕವನ್ನೂ.